ಭಿನ್ನಾಭಿಪ್ರಾಯಕ್ಕೆ ಜಾಗ ಕೊಟ್ಟ ವಿಶ್ವವಿದ್ಯಾಲಯ: ಜಾರ್ಜ್‌ಟೌನ್‌ನ ಕೆನಡಿ ಇನ್‌ಸ್ಟಿಟ್ಯೂಟ್ ಪ್ರಕರಣ

1971ರಲ್ಲಿ ವಾಷಿಂಗ್ಟನ್ ನಗರದ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಹೊಸ ಸಂಶೋಧನಾ ಸಂಸ್ಥೆಯೊಂದನ್ನು ತೆರೆಯಿತು. ಜೋಸೆಫ್ ಮತ್ತು ರೋಸ್ ಕೆನಡಿ ದಂಪತಿಯ ಹೆಸರು ಹೊತ್ತ ಆ ಸಂಸ್ಥೆಯ ವಿಷಯ ಎರಡು: ಮನುಷ್ಯರ ಸಂತಾನೋತ್ಪತ್ತಿ ಮತ್ತು ಬಯೋಎಥಿಕ್ಸ್, ಅಂದರೆ ವೈದ್ಯಕೀಯ ಮತ್ತು ಜೀವವಿಜ್ಞಾನದಲ್ಲಿ ಏಳುವ ನೀತಿ ಪ್ರಶ್ನೆಗಳ ಅಧ್ಯಯನ. ಈಗ ಅದನ್ನು ಕೆನಡಿ ಇನ್‌ಸ್ಟಿಟ್ಯೂಟ್ ಆಫ್ ಎಥಿಕ್ಸ್ ಅಂತ ಕರೆಯುತ್ತಾರೆ. ಜಾರ್ಜ್‌ಟೌನ್ 1789ರಲ್ಲಿ ಶುರುವಾದದ್ದು. ಜೆಸ್ಯೂಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳ ವಿಶ್ವವಿದ್ಯಾಲಯ, ಅಮೆರಿಕದ ಅತಿ ಹಳೆಯ ಕ್ಯಾಥೊಲಿಕ್ ವಿಶ್ವವಿದ್ಯಾಲಯ. ಗರ್ಭ, ಹುಟ್ಟು, ಸಾವು, ಕುಟುಂಬ ಯೋಜನೆ ಎಲ್ಲದರ ಬಗ್ಗೆಯೂ ಕ್ಯಾಥೊಲಿಕ್ ಧರ್ಮಸಭೆಗೆ ಗಟ್ಟಿ ನಿಲುವಿದೆ. ಅಂಥ ಕಡೆ ಇಂಥ ವಿಷಯಕ್ಕೆ ಸಂಶೋಧನಾ ಕೇಂದ್ರ ಅಂದರೆ ಯಾರಿಗಾದರೂ ಅನುಮಾನ ಬರುತ್ತದೆ. ಉತ್ತರ ಮೊದಲೇ ಗೊತ್ತಿದ್ದ ಮೇಲೆ ಸಂಶೋಧನೆ ಯಾಕೆ, ಅಲ್ವಾ?

ಆದರೆ ಅಲ್ಲಿ ಹಾಗಾಗಲಿಲ್ಲ. ಅಲ್ಲಿದ್ದವರು ಬರೆದದ್ದು ಅಮೆರಿಕ ಸರ್ಕಾರದ ನಿಯಮಗಳಿಗೆ ಅಡಿಪಾಯ ಆಯಿತು. ಅದರ ಛಾಯೆ ನಮ್ಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾರ್ಗಸೂಚಿಯಲ್ಲಿ, ಬೆಂಗಳೂರಿನ ಆಸ್ಪತ್ರೆಯಲ್ಲಿ ರೋಗಿ ಸಹಿ ಹಾಕುವ ಒಪ್ಪಿಗೆ ಪತ್ರದಲ್ಲಿ ಇವತ್ತೂ ಇದೆ. ಇದಕ್ಕೆ ಕಾರಣ ಆ ಸಂಸ್ಥೆಯನ್ನು ಕಟ್ಟಿದ ರೀತಿ ಅನ್ನುವುದು ನನ್ನ ನಂಬಿಕೆ. ಒಪ್ಪದ ಜನರನ್ನು ಒಟ್ಟಿಗೆ ಕೂರಿಸಿ, ಅವರ ಮಧ್ಯೆ ಒಂದು ಒಳ್ಳೆಯ ಗ್ರಂಥಾಲಯ ಇಟ್ಟರು. ತೀರ್ಪು ಕೊಡುವ ಕೆಲಸವನ್ನು ಸಂಸ್ಥೆಗೆ ಹೊರಿಸಲಿಲ್ಲ.

ಹೆಲ್ಲೆಗರ್ಸ್ ಮತ್ತು 1968ರ ಪೆಟ್ಟು

ಸಂಸ್ಥೆಯನ್ನು ಕಟ್ಟಿದವರು ಆಂಡ್ರೆ ಹೆಲ್ಲೆಗರ್ಸ್ ಎಂಬ ವೈದ್ಯ. 1926ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಹುಟ್ಟಿದವರು. ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿ, ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಕೆಲಸ ಮಾಡಿ, 1967ರಲ್ಲಿ ಜಾರ್ಜ್‌ಟೌನ್‌ಗೆ ಬಂದರು. ಹೆರಿಗೆ ಮತ್ತು ಗರ್ಭಸ್ಥ ಶಿಶುವಿನ ಶರೀರಶಾಸ್ತ್ರ ಅವರ ಕ್ಷೇತ್ರ. ನಿಷ್ಠೆಯ ಕ್ಯಾಥೊಲಿಕ್ ಕೂಡ.

1963ರಲ್ಲಿ ಪೋಪ್ 23ನೇ ಜಾನ್ ಗರ್ಭನಿರೋಧದ ಬಗ್ಗೆ ಒಂದು ಆಯೋಗ ಮಾಡಿದ್ದರು. ಮುಂದೆ ಪೋಪ್ 6ನೇ ಪಾಲ್ ಅದನ್ನು ದೊಡ್ಡದು ಮಾಡಿದರು. ವೈದ್ಯರು, ಜನಸಂಖ್ಯಾ ತಜ್ಞರು, ಮದುವೆಯಾದ ಗಂಡ ಹೆಂಡತಿಯರು ಕೂಡ ಅದರಲ್ಲಿದ್ದರು. ಹೆಲ್ಲೆಗರ್ಸ್ ಅದರ ಉಪ ಕಾರ್ಯದರ್ಶಿಗಳಲ್ಲಿ ಒಬ್ಬರು. 1966ರಲ್ಲಿ ಆಯೋಗದ ಬಹುಮತ ಹೇಳಿದ್ದು ಇಷ್ಟು: ಗರ್ಭನಿರೋಧ ತನ್ನಷ್ಟಕ್ಕೆ ಪಾಪವಲ್ಲ, ನಿಲುವು ಬದಲಾಗಬಹುದು. 1968ರ ಜುಲೈನಲ್ಲಿ ಪೋಪ್ ಅದನ್ನು ಒಪ್ಪದೆ ಹಳೆಯ ನಿಲುವನ್ನೇ ಎತ್ತಿಹಿಡಿದು ಪತ್ರ ಹೊರಡಿಸಿದರು.

ಹೆಲ್ಲೆಗರ್ಸ್ ಧರ್ಮಸಭೆ ಬಿಟ್ಟು ಹೋಗಲಿಲ್ಲ. ಬಾಯಿ ಮುಚ್ಚಿಕೊಂಡೂ ಕೂರಲಿಲ್ಲ. ಮುಂದಿನ ವರ್ಷವೇ ಒಬ್ಬ ವಿಜ್ಞಾನಿಯಾಗಿ ಆ ಪತ್ರವನ್ನು ವಿಮರ್ಶಿಸಿ ಬರೆದರು. ವಿಜ್ಞಾನ ಕಂಡುಕೊಂಡದ್ದಕ್ಕೆ ಅಲ್ಲಿ ಬೆಲೆಯೇ ಸಿಕ್ಕಿಲ್ಲ ಅನ್ನುವುದು ಅವರ ಮುಖ್ಯ ತಕರಾರು. ಆಯೋಗದಲ್ಲಿ ವರ್ಷಗಟ್ಟಲೆ ದುಡಿದ ಮನುಷ್ಯ ಇವರು. ವೈದ್ಯರೂ ಧರ್ಮಶಾಸ್ತ್ರಿಗಳೂ ಒಂದೇ ಮೇಜಿನ ಸುತ್ತ ಕೂತರೆ ಏನಾಗಬಹುದು ಅಂತ ಕಣ್ಣಾರೆ ನೋಡಿದ್ದರು. ಅಂಥ ಮೇಜು ಒಂದು ಆಯೋಗದ ಜೊತೆ ಮುಗಿದುಹೋಗಬಾರದು, ಕಾಯಂ ಆಗಿ ಇರಬೇಕು ಅನ್ನುವ ಹಂಬಲ ಅಲ್ಲಿಂದ ಬಂತು ಅಂತ ನಾನು ಓದಿಕೊಳ್ಳುತ್ತೇನೆ.

ಜಾಗ ಯಾವುದು ಅನ್ನುವುದೂ ಮುಖ್ಯ. ಅದೇ ವಾಷಿಂಗ್ಟನ್‌ನಲ್ಲಿ ಇನ್ನೊಂದು ವಿಶ್ವವಿದ್ಯಾಲಯ ಇದೆ, ಕ್ಯಾಥೊಲಿಕ್ ಯೂನಿವರ್ಸಿಟಿ ಆಫ್ ಅಮೆರಿಕ. ಅದು ಬಿಷಪ್‌ಗಳು ಕಟ್ಟಿದ್ದು. ಅದರ ಧರ್ಮಶಾಸ್ತ್ರ ವಿಭಾಗಕ್ಕೆ ರೋಮ್‌ನ, ಅಂದರೆ ಪೋಪ್ ಆಡಳಿತದ, ಮಾನ್ಯತೆ ಬೇಕು. ಅಲ್ಲಿದ್ದ ಚಾರ್ಲ್ಸ್ ಕರ್ರನ್ ಎಂಬ ಪಾದ್ರಿ 1968ರ ಪತ್ರಕ್ಕೆ ಎದುರಾಗಿ ನೂರಾರು ಧರ್ಮಶಾಸ್ತ್ರಿಗಳ ಸಹಿ ಕೂಡಿಸಿದರು. 1986ರಲ್ಲಿ ರೋಮ್, ಅವರು ಕ್ಯಾಥೊಲಿಕ್ ಧರ್ಮಶಾಸ್ತ್ರ ಕಲಿಸಲು ಅರ್ಹರಲ್ಲ ಅಂತ ತೀರ್ಮಾನಿಸಿತು. ಜಾರ್ಜ್‌ಟೌನ್‌ನ ಕಟ್ಟಳೆ ಬೇರೆ. 1967ರಲ್ಲಿ ವಿಸ್ಕಾನ್ಸಿನ್‌ನ ಲ್ಯಾಂಡ್ ಓ ಲೇಕ್ಸ್‌ನಲ್ಲಿ ಕ್ಯಾಥೊಲಿಕ್ ವಿಶ್ವವಿದ್ಯಾಲಯಗಳ ಮುಖ್ಯಸ್ಥರು ಸೇರಿ ಒಂದು ಹೇಳಿಕೆ ಹೊರಡಿಸಿದ್ದರು. ವಿದ್ಯಾಲಯಕ್ಕೆ ಹೊರಗಿನ ಯಾವ ಅಧಿಕಾರದ ಹಂಗೂ ಇಲ್ಲದ ಸ್ವಾತಂತ್ರ್ಯ ಬೇಕು ಅಂತ ಅದರಲ್ಲಿತ್ತು. ಸಹಿ ಹಾಕಿದವರಲ್ಲಿ ಜಾರ್ಜ್‌ಟೌನ್ ಕೂಡ ಒಂದು. ಆ ಕಾಗದ ಇಲ್ಲದಿದ್ದರೆ ಹೆಲ್ಲೆಗರ್ಸ್ ಅವರ ಹಂಬಲ ಹಂಬಲವಾಗಿಯೇ ಉಳಿಯುತ್ತಿತ್ತೋ ಏನೋ.

ದುಡ್ಡು, ಜನ

ದುಡ್ಡು ಬಂದದ್ದು ಕೆನಡಿ ಕುಟುಂಬದ ಪ್ರತಿಷ್ಠಾನದಿಂದ. ಮೊದಲ ನೆರವು 13.5 ಲಕ್ಷ ಡಾಲರ್. ಅಧ್ಯಕ್ಷ ಜಾನ್ ಕೆನಡಿಯ ತಂಗಿ ಯೂನಿಸ್ ಶ್ರೈವರ್ ಅದರ ಹಿಂದಿದ್ದ ಶಕ್ತಿ. ಅವರ ಅಕ್ಕ ರೋಸ್‌ಮೇರಿಗೆ ಬೌದ್ಧಿಕ ಬೆಳವಣಿಗೆಯ ತೊಂದರೆ ಇತ್ತು. ಸ್ಪೆಷಲ್ ಒಲಿಂಪಿಕ್ಸ್ ಶುರು ಮಾಡಿದವರೂ ಯೂನಿಸ್ ಅವರೇ, 1968ರಲ್ಲಿ. ಹುಟ್ಟುವಾಗಲೇ ಊನ ಇರುವ ಮಗುವಿಗೆ ಆಪರೇಷನ್ ಬೇಡ ಅಂತ ಅಪ್ಪ ಅಮ್ಮ ಹೇಳಿದರೆ ವೈದ್ಯ ಏನು ಮಾಡಬೇಕು? ಆಗಿನ ಅಮೆರಿಕದ ಆಸ್ಪತ್ರೆಗಳಲ್ಲಿ ಇದು ನಿಜವಾಗಿ ಎದ್ದು ನಿಂತಿದ್ದ ಪ್ರಶ್ನೆ. ಯೂನಿಸ್ ಅವರಿಗೆ ಅದು ಮನೆಯ ನೋವು ಕೂಡ.

ಶುರುವಿನಲ್ಲಿ ಬಯೋಎಥಿಕ್ಸ್ ಕೇಂದ್ರದ ಜೊತೆಗೆ ಜನಸಂಖ್ಯಾ ಅಧ್ಯಯನದ ಕೇಂದ್ರವೂ ಇತ್ತು. ಹೆಸರು ಮಾಡಿದ್ದು ಮೊದಲನೆಯದು. ಅದರ ನಿರ್ದೇಶಕರಾಗಿ ಹೆಲ್ಲೆಗರ್ಸ್ ಆರಿಸಿಕೊಂಡದ್ದು ಲೆರಾಯ್ ವಾಲ್ಟರ್ಸ್ ಅವರನ್ನು. ಅವರು ಮೆನೊನೈಟ್ ಎಂಬ ಪ್ರೊಟೆಸ್ಟೆಂಟ್ ಪಂಥದ ಹಿನ್ನೆಲೆಯವರು, ಕ್ಯಾಥೊಲಿಕ್ ಅಲ್ಲ. ಅದಕ್ಕೂ ಮುಂಚೆ 1968 ಮತ್ತು 1969ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ನೀತಿಶಾಸ್ತ್ರಜ್ಞ ಪಾಲ್ ರ‍್ಯಾಮ್ಸಿ ಅವರನ್ನು ಜಾರ್ಜ್‌ಟೌನ್ ವೈದ್ಯಕೀಯ ಕಾಲೇಜಿಗೆ ಕರೆಸಿದ್ದರು. ರ‍್ಯಾಮ್ಸಿ ಮೆಥಡಿಸ್ಟ್, ಅದೂ ಒಂದು ಪ್ರೊಟೆಸ್ಟೆಂಟ್ ಪಂಥ. ವಾರ್ಡುಗಳಲ್ಲಿ ವೈದ್ಯರ ಜೊತೆ ಓಡಾಡಿ, ಅವರ ಕಷ್ಟ ಕೇಳಿಸಿಕೊಂಡು, ಆಮೇಲೆ ಬರೆದವರು. ಮುಂದೆ ಬಂದ ಜೇಮ್ಸ್ ಚಿಲ್ಡ್ರೆಸ್ ಕ್ವೇಕರ್ ಎಂಬ ಇನ್ನೊಂದು ಕ್ರೈಸ್ತ ಪಂಥದವರು. ಟಾಮ್ ಬೋಶಾಂಪ್ ತತ್ವಶಾಸ್ತ್ರ ವಿಭಾಗದವರು. ರಿಚರ್ಡ್ ಮೆಕಾರ್ಮಿಕ್ ಮಾತ್ರ ಜೆಸ್ಯೂಟ್ ಪಾದ್ರಿ, ಕ್ಯಾಥೊಲಿಕ್ ನೀತಿಶಾಸ್ತ್ರದಲ್ಲಿ ದೊಡ್ಡ ಹೆಸರು.

ಇದನ್ನು ಸುಮ್ನೆ ಉದಾರತೆ ಅಂತ ಹೇಳಿ ಮುಂದೆ ಹೋಗಬಾರದು. ತಮ್ಮವರನ್ನೇ ತುಂಬಿಕೊಂಡಿದ್ದರೆ ಕೇಂದ್ರದ ಮಾತು ಧರ್ಮಸಭೆಯ ಒಳಗೇ ಉಳಿಯುತ್ತಿತ್ತು. ಧರ್ಮವನ್ನು ಪೂರ್ತಿ ಬದಿಗಿಟ್ಟಿದ್ದರೆ ಅದು ಜಾರ್ಜ್‌ಟೌನ್‌ನಲ್ಲಿ ಇರಲು ಕಾರಣವೇ ಇರಲಿಲ್ಲ. ಹೋಲಿಸಿ ನೋಡಲು ಒಂದು ಒಳ್ಳೆಯ ಉದಾಹರಣೆ ಇದೆ. 1969ರಲ್ಲಿ ಡೇನಿಯಲ್ ಕ್ಯಾಲಹನ್ ನ್ಯೂಯಾರ್ಕ್ ರಾಜ್ಯದಲ್ಲಿ ಹೇಸ್ಟಿಂಗ್ಸ್ ಸೆಂಟರ್ ಶುರು ಮಾಡಿದರು. ವಿಷಯ ಇದೇ, ಆದರೆ ಅದು ಯಾವ ವಿಶ್ವವಿದ್ಯಾಲಯಕ್ಕೂ ಸೇರಿರಲಿಲ್ಲ. ಅದಕ್ಕೆ ಸ್ವಾತಂತ್ರ್ಯ ಜಾಸ್ತಿ ಇತ್ತು. ಜಾರ್ಜ್‌ಟೌನ್‌ಗೆ ಇದ್ದದ್ದು ವಿದ್ಯಾರ್ಥಿಗಳು, ಪಕ್ಕದಲ್ಲೇ ಆಸ್ಪತ್ರೆ, ಪಿಎಚ್‌ಡಿ ಕೊಡುವ ತತ್ವಶಾಸ್ತ್ರ ವಿಭಾಗ. ಎರಡೂ ಉಳಿದವು, ಎರಡೂ ಬೇಕಾಗಿದ್ದವು.

ಮಗುವಿನ ಒಪ್ಪಿಗೆ: ಒಂದು ಜಗಳ

ಒಪ್ಪದವರನ್ನು ಒಟ್ಟಿಗೆ ಕೂರಿಸಿದರೆ ಏನು ಸಿಗುತ್ತದೆ ಅನ್ನುವುದಕ್ಕೆ ಮೆಕಾರ್ಮಿಕ್ ಮತ್ತು ರ‍್ಯಾಮ್ಸಿ ನಡುವಿನ ವಾದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಪ್ರಶ್ನೆ ಇದು: ಮಗುವಿಗೆ ಏನೂ ಲಾಭ ಇಲ್ಲದ, ಆದರೆ ಬೇರೆ ಮಕ್ಕಳಿಗೆ ಮುಂದೆ ಉಪಯೋಗ ಆಗುವ ಸಂಶೋಧನೆಯಲ್ಲಿ ಮಗುವನ್ನು ಸೇರಿಸಬಹುದೇ?

ರ‍್ಯಾಮ್ಸಿ ಖಡಾಖಂಡಿತವಾಗಿ ಬೇಡ ಅಂದರು. ಮಗು ಒಪ್ಪಿಗೆ ಕೊಡಲಾರದು. ಅದರ ಪರವಾಗಿ ಒಪ್ಪುವ ಅಧಿಕಾರ ಅಪ್ಪ ಅಮ್ಮನಿಗೆ ಇರುವುದು ಮಗುವಿನ ಒಳಿತಿಗಾಗಿ ಮಾತ್ರ. ಅಪಾಯ ಎಷ್ಟೇ ಕಡಿಮೆ ಇರಲಿ, ಇನ್ನೊಬ್ಬರ ಉಪಯೋಗಕ್ಕೆ ಅದರ ಮೈ ಮುಟ್ಟಿದರೆ ಮಗುವನ್ನು ವಸ್ತುವಾಗಿ ಕಂಡ ಹಾಗೆ. ಮೆಕಾರ್ಮಿಕ್ 1974ರಲ್ಲಿ ಇದಕ್ಕೆ ಎದುರು ವಾದ ಹೂಡಿದರು. ಮನುಷ್ಯ ಒಂಟಿಯಾಗಿ ಬದುಕುವ ಜೀವಿಯಲ್ಲ. ಅಪಾಯ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಇದ್ದಾಗ ಬೇರೆಯವರಿಗೆ ಸಣ್ಣ ಸಹಾಯ ಮಾಡುವುದು ಎಲ್ಲರ ಕರ್ತವ್ಯ. ಮಗುವಿಗೆ ತಿಳಿವಳಿಕೆ ಇದ್ದಿದ್ದರೆ ಅದೂ ಒಪ್ಪಬೇಕಿತ್ತು. ಹಾಗಾಗಿ ಅದರ ಪರವಾಗಿ ಅಪ್ಪ ಅಮ್ಮ ಒಪ್ಪಬಹುದು.

ಇಬ್ಬರೂ ಕ್ರೈಸ್ತರು. ಒಬ್ಬರು, ಬುದ್ಧಿಯಿಂದಲೇ ಸರಿ ತಪ್ಪು ತಿಳಿಯಬಹುದು ಅನ್ನುವ ಕ್ಯಾಥೊಲಿಕ್ ಸಹಜ ನಿಯಮದ ಪರಂಪರೆಯಿಂದ ಮಾತಾಡಿದರು. ಇನ್ನೊಬ್ಬರು ದೇವರು ಮತ್ತು ಮನುಷ್ಯನ ನಡುವಿನ ಒಡಂಬಡಿಕೆ, ನಿಷ್ಠೆಯ ಕಡೆಯಿಂದ ಮಾತಾಡಿದರು. ಆದರೆ ಅವರು ಮಾತಾಡಿದ ರೀತಿ ನೋಡಿ, ಧರ್ಮವೇ ಇಲ್ಲದ ವೈದ್ಯನೊಬ್ಬನಿಗೂ ಎರಡು ಕಡೆಯ ತೂಕ ಗೊತ್ತಾಗುತ್ತದೆ. ಸಂಸ್ಥೆ ಇದರಲ್ಲಿ ಯಾರ ಪಕ್ಷವನ್ನೂ ವಹಿಸಲಿಲ್ಲ. ಮನುಷ್ಯರ ಮೇಲಿನ ಸಂಶೋಧನೆಗೆ ತತ್ವ ಹೇಳಲು ಅಮೆರಿಕದಲ್ಲಿ ರಚಿಸಿದ್ದ ರಾಷ್ಟ್ರೀಯ ಆಯೋಗ 1977ರಲ್ಲಿ ಮಕ್ಕಳ ಬಗ್ಗೆ ಶಿಫಾರಸು ಕೊಟ್ಟಾಗ ಈ ವಾದದ ಎರಡೂ ಎಳೆ ಅದರಲ್ಲಿದ್ದವು. ಅಪಾಯ ತೀರಾ ಕಡಿಮೆ ಇದ್ದರೆ ಅಪ್ಪ ಅಮ್ಮನ ಅನುಮತಿಯಿಂದ ಸೇರಿಸಬಹುದು. ಆದರೆ 7 ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳಬೇಕು. ಈಗ ಭಾರತದ ಮಾರ್ಗಸೂಚಿಯಲ್ಲೂ 7ರಿಂದ 12 ವರ್ಷದ ಮಕ್ಕಳ ಬಾಯಿಮಾತಿನ ಸಮ್ಮತಿ, 12ರಿಂದ 18ರವರ ಬರಹದ ಸಮ್ಮತಿ ಬೇಕು ಅಂತ ಇದೆ.

ಟಸ್ಕೀಗಿಯಿಂದ ನಾಲ್ಕು ತತ್ವದವರೆಗೆ

1972ರ ಜುಲೈನಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಒಂದು ಸುದ್ದಿ ಬಂತು. ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ ಸರ್ಕಾರದ ಆರೋಗ್ಯ ಇಲಾಖೆ ಸುಮಾರು 600 ಕಪ್ಪು ಗಂಡಸರ ಮೇಲೆ ಅಧ್ಯಯನ ಮಾಡುತ್ತಿತ್ತು. ಅವರಲ್ಲಿ 399 ಜನರಿಗೆ ಸಿಫಿಲಿಸ್ ಎಂಬ ಲೈಂಗಿಕ ರೋಗ ಇತ್ತು. ಅವರಿಗೆ ಕಾಯಿಲೆಯ ಹೆಸರನ್ನೇ ಹೇಳಿರಲಿಲ್ಲ. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಚಿಕಿತ್ಸೆ ಇಲ್ಲದೆ ಕಾಯಿಲೆ ಹೇಗೆ ಬೆಳೆಯುತ್ತದೆ ಅಂತ ನೋಡುತ್ತಾ 40 ವರ್ಷ ಕಳೆದರು. ಬಡ ರೈತರು ಅವರು. ಬಿಟ್ಟಿ ಊಟ, ಮಣ್ಣು ಮಾಡುವ ಖರ್ಚು ಕೊಡುತ್ತೇವೆ ಅಂದದ್ದಕ್ಕೆ ಬಂದವರು.

ಈ ಸುದ್ದಿ ಎಬ್ಬಿಸಿದ ಸಿಟ್ಟಿನಿಂದ 1974ರಲ್ಲಿ ಕಾನೂನು ಬಂತು, 11 ಜನರ ರಾಷ್ಟ್ರೀಯ ಆಯೋಗ ಬಂತು. ಮನುಷ್ಯರ ಮೇಲೆ ಸಂಶೋಧನೆ ಮಾಡುವಾಗ ಯಾವ ತತ್ವ ಪಾಲಿಸಬೇಕು ಅಂತ ಆಯೋಗ ಹೇಳಬೇಕಿತ್ತು. 1976ರ ಫೆಬ್ರವರಿಯಲ್ಲಿ ಸದಸ್ಯರು ಬೆಲ್ಮಾಂಟ್ ಎಂಬ ಕಡೆ ಕೂತು ಮಾತಾಡಿದರು. ವರದಿಯ ಕರಡು ಬರೆಯುವ ಕೆಲಸ ಜಾರ್ಜ್‌ಟೌನ್‌ನ ಬೋಶಾಂಪ್ ಅವರ ಕೈಗೆ ಬಂತು. ಅದೇ ಹೊತ್ತಿನಲ್ಲಿ ಅವರು ಚಿಲ್ಡ್ರೆಸ್ ಜೊತೆ ವೈದ್ಯಕೀಯ ನೀತಿಯ ಮೇಲೆ ಒಂದು ಪುಸ್ತಕವನ್ನೂ ಬರೆಯುತ್ತಿದ್ದರು. ಎರಡೂ 1979ರಲ್ಲಿ ಹೊರಬಂದವು. ಬೆಲ್ಮಾಂಟ್ ವರದಿ ಮೂರು ತತ್ವ ಹೇಳಿತು: ವ್ಯಕ್ತಿಗೆ ಗೌರವ, ಒಳಿತು ಮಾಡುವುದು, ನ್ಯಾಯ. ಪುಸ್ತಕ ನಾಲ್ಕು ಹೇಳಿತು: ರೋಗಿಯ ಸ್ವಂತ ನಿರ್ಧಾರ, ಕೆಡುಕು ಮಾಡದಿರುವುದು, ಒಳಿತು ಮಾಡುವುದು, ನ್ಯಾಯ.

ಬೋಶಾಂಪ್ ಮತ್ತು ಚಿಲ್ಡ್ರೆಸ್ ಬುಡದಲ್ಲೇ ಒಪ್ಪದವರು. ಬೋಶಾಂಪ್ ಪರಿಣಾಮ ನೋಡಿ ಸರಿ ತಪ್ಪು ತೂಗುವ ಪಂಥದವರು. ಚಿಲ್ಡ್ರೆಸ್ ಪರಿಣಾಮ ಏನೇ ಇರಲಿ ಕೆಲವು ಕರ್ತವ್ಯ ಬಿಡುವಂತಿಲ್ಲ ಅನ್ನುವ ಪಂಥದವರು. ಆದರೂ ರೋಗಿಯ ಹಾಸಿಗೆಯ ಪಕ್ಕ ಏನು ಮಾಡಬೇಕು ಅನ್ನುವುದರಲ್ಲಿ ಇಬ್ಬರೂ ಬಹಳ ಸಲ ಒಂದೇ ಕಡೆ ಬಂದು ನಿಲ್ಲುತ್ತಿದ್ದರು. ಆ ಒಂದೇ ಕಡೆಯನ್ನೇ ಅವರು ತತ್ವ ಅಂತ ಬರೆದಿಟ್ಟರು. ಈ ಯೋಚನೆ ಒಬ್ಬರೇ ಕೂತು ಬರೆದಿದ್ದರೆ ಬರುತ್ತಿರಲಿಲ್ಲ. ಸಂಸ್ಥೆ ಕೊಟ್ಟ ಜಾಗದ ನಿಜವಾದ ಫಲ ಇದು.

ಗ್ರಂಥಾಲಯ

ಈ ಪ್ರಕರಣ ಓದುವವರು ಪುಸ್ತಕ, ವರದಿಗಳ ಮೇಲೆ ಕಣ್ಣಿಟ್ಟು ಗ್ರಂಥಾಲಯವನ್ನು ಮರೆಯುತ್ತಾರೆ. ನನಗೆ ಅದೇ ದೊಡ್ಡದು ಅನ್ನಿಸುತ್ತದೆ. 1970ರ ಸುಮಾರಿಗೆ ಈ ವಿಷಯದ ಬರಹಗಳು ವೈದ್ಯಕೀಯ ಪತ್ರಿಕೆ, ಕಾನೂನು ಪತ್ರಿಕೆ, ಧರ್ಮಶಾಸ್ತ್ರ, ತತ್ವಶಾಸ್ತ್ರ ಅಂತ ಚೆಲ್ಲಾಪಿಲ್ಲಿಯಾಗಿದ್ದವು. ಒಬ್ಬ ವೈದ್ಯನಿಗೆ ವಕೀಲ ಏನು ಬರೆದಿದ್ದಾನೆ ಅಂತ ತಿಳಿಯುವ ದಾರಿಯೇ ಇರಲಿಲ್ಲ. ಕೆನಡಿ ಇನ್‌ಸ್ಟಿಟ್ಯೂಟ್ ಎಲ್ಲವನ್ನೂ ಒಂದು ಕಡೆ ಕೂಡಿಸಿತು. 1975ರಿಂದ ವಾಲ್ಟರ್ಸ್ ಸಂಪಾದಕತ್ವದಲ್ಲಿ ವರ್ಷಕ್ಕೊಂದು ಗ್ರಂಥಸೂಚಿ ಬಂತು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಜೊತೆ ಸೇರಿ ಕಂಪ್ಯೂಟರಿನಲ್ಲಿ ಹುಡುಕುವ ವ್ಯವಸ್ಥೆ ಆಯಿತು. 1978ರಲ್ಲಿ ವಾರೆನ್ ರೈಕ್ ಸಂಪಾದಿಸಿದ ನಾಲ್ಕು ಸಂಪುಟಗಳ ಬಯೋಎಥಿಕ್ಸ್ ವಿಶ್ವಕೋಶ ಬಂತು. ಬೇಸಿಗೆಯಲ್ಲಿ ವೈದ್ಯರು, ನರ್ಸುಗಳು, ವಕೀಲರಿಗೆ ಒಂದು ವಾರದ ಕೋರ್ಸ್ ನಡೆಸಿದರು.

ತೀರ್ಪು ಕೊಡುವ ಕೇಂದ್ರಗಳು ತೀರ್ಪಿನ ಜೊತೆ ಹಳೆಯದಾಗುತ್ತವೆ. ಓದುವ ಸಾಮಗ್ರಿ ಕೂಡಿಸಿಟ್ಟ ಕೇಂದ್ರಕ್ಕೆ ಅದನ್ನು ಒಪ್ಪದವನೂ ಬರಲೇಬೇಕು. ಹೆಲ್ಲೆಗರ್ಸ್ 1979ರಲ್ಲಿ ತೀರಿಕೊಂಡರು, ಆಗಿನ್ನೂ 52 ವರ್ಷ. ಸಂಸ್ಥೆ ಅವರ ಜೊತೆ ಮುಗಿಯಲಿಲ್ಲ.

ಕಳೆದುಕೊಂಡದ್ದು

ಎಲ್ಲರಿಗೂ ಅರ್ಥವಾಗುವ ಭಾಷೆಗೆ ಒಂದು ಬೆಲೆ ತೆರಬೇಕಾಯಿತು. ನಾಲ್ಕು ತತ್ವಗಳಲ್ಲಿ ದೇವರಿಲ್ಲ, ನರಳಾಟಕ್ಕೆ ಅರ್ಥವಿಲ್ಲ, ಸಾಯುವವನ ಪಕ್ಕ ಸುಮ್ಮನೆ ಕೂರುವುದಕ್ಕೆ ಜಾಗವಿಲ್ಲ. 1990ರ ಹೊತ್ತಿಗೆ ಟೀಕೆ ಜೋರಾಯಿತು. ತತ್ವಗಳನ್ನು ಮಂತ್ರದ ಹಾಗೆ ಪಠಿಸುತ್ತಾರೆ, ಒಂದಕ್ಕೊಂದು ಢಿಕ್ಕಿ ಹೊಡೆದಾಗ ಯಾವುದು ಮೇಲು ಅಂತ ಅವು ಹೇಳುವುದಿಲ್ಲ ಅಂತ ತತ್ವಶಾಸ್ತ್ರಿಗಳು ದೂರಿದರು. ಹೇಸ್ಟಿಂಗ್ಸ್‌ನ ಕ್ಯಾಲಹನ್ ಅವರೇ ಈ ಕ್ಷೇತ್ರ ಧರ್ಮದ ದನಿಯನ್ನು ಕಳೆದುಕೊಂಡಿದೆ ಅಂತ ಬರೆದರು. 1983ರಲ್ಲಿ ನಿರ್ದೇಶಕರಾಗಿ ಬಂದ ಎಡ್ಮಂಡ್ ಪೆಲ್ಲೆಗ್ರಿನೊ ಇನ್ನೊಂದು ದಾರಿ ಹಿಡಿದಿದ್ದರು. ವೈದ್ಯನ ಗುಣ, ರೋಗಿ ಅವನ ಮೇಲೆ ಇಡುವ ನಂಬಿಕೆ, ಆ ನಂಬಿಕೆಗೆ ದ್ರೋಹ ಮಾಡದಿರುವುದು ಅವರಿಗೆ ಮುಖ್ಯ. ಅವರ ಮಾತಿಗೆ ಗೌರವ ಸಿಕ್ಕಿತು. ಆದರೆ ಆಸ್ಪತ್ರೆಗಳ ಫಾರಂಗಳಲ್ಲಿ ಉಳಿದದ್ದು ತತ್ವಗಳು. ಫಾರಂನಲ್ಲಿ ಗುಣಕ್ಕೆ ಟಿಕ್ ಹಾಕಲು ಆಗುವುದಿಲ್ಲ.

ನ್ಯಾಯ ಅನ್ನುವ ತತ್ವಕ್ಕೂ ಜಾರ್ಜ್‌ಟೌನ್‌ಗೂ ಇನ್ನೊಂದು ಲೆಕ್ಕ ಇದೆ. 1838ರಲ್ಲಿ ಮೇರಿಲ್ಯಾಂಡ್‌ನ ಜೆಸ್ಯೂಟರು ತಮ್ಮ ಜಮೀನುಗಳಲ್ಲಿದ್ದ 272 ಗುಲಾಮರನ್ನು ಲೂಯಿಸಿಯಾನಾಗೆ ಮಾರಿದರು. ಆ ಹಣದ ಒಂದು ಭಾಗ ಕಾಲೇಜಿನ ಸಾಲ ತೀರಿಸಿತು. ವಿಶ್ವವಿದ್ಯಾಲಯ ಇದನ್ನು ಎದುರಿಸಲು ತಂಡ ರಚಿಸಿದ್ದು 2015ರಲ್ಲಿ. ಬಯೋಎಥಿಕ್ಸ್ ಗ್ರಂಥಾಲಯಕ್ಕೆ ಜಾಗ ಕೊಟ್ಟ ಹೀಲಿ ಹಾಲ್ ಕಟ್ಟಡಕ್ಕೆ ಪ್ಯಾಟ್ರಿಕ್ ಹೀಲಿ ಅವರ ಹೆಸರಿದೆ. ಅವರು 1874ರಲ್ಲಿ ಜಾರ್ಜ್‌ಟೌನ್‌ನ ಅಧ್ಯಕ್ಷರಾದ ಜೆಸ್ಯೂಟ್. ಅವರ ತಾಯಿ ಜಾರ್ಜಿಯಾದಲ್ಲಿ ಗುಲಾಮಳಾಗಿದ್ದವರು. ಒಪ್ಪಿಗೆ ಇಲ್ಲದೆ ಮನುಷ್ಯರನ್ನು ಬಳಸಿಕೊಳ್ಳಬಾರದು ಅಂತ ಬರೆದ ಜಾಗದಲ್ಲಿ ಈ ಮಾರಾಟದ ದಾಖಲೆಯೂ ಅದೇ ಗಂಭೀರತೆಯಿಂದ ಪಾಠ ಆಗಬೇಕು.

ನಮ್ಮ ಕಡೆ

ಬೆಂಗಳೂರಿನ ಸೇಂಟ್ ಜೋಸೆಫ್ಸ್ 2022ರಲ್ಲಿ ವಿಶ್ವವಿದ್ಯಾಲಯ ಆಯಿತು. ಮಂಗಳೂರಿನ ಸೇಂಟ್ ಅಲೋಶಿಯಸ್ 2024ರಲ್ಲಿ ಡೀಮ್ಡ್ ಆಯಿತು. ಎರಡೂ ಜೆಸ್ಯೂಟರವು. ಕೋರಮಂಗಲದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು 1963ರಿಂದ ಇದೆ, ಅದೇ ಆವರಣದಲ್ಲಿ ಸಂಶೋಧನಾ ಸಂಸ್ಥೆಯೂ ಇದೆ. ಹಾಗಾಗಿ ಈ ಪ್ರಕರಣ ನಮಗೆ ದೂರದ್ದಲ್ಲ.

ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸಂಶೋಧನೆಗಳನ್ನು ಪರಿಶೀಲಿಸುವ ಎಥಿಕ್ಸ್ ಕಮಿಟಿಯಲ್ಲಿ ವೈದ್ಯರಲ್ಲದ ಸಾಮಾನ್ಯ ಸದಸ್ಯನಾಗಿ ಕೂರುತ್ತೇನೆ. ನಿಯಮದ ಪ್ರಕಾರ ಅಂಥವರೊಬ್ಬರು ಇರಲೇಬೇಕು. ನನ್ನ ಕೆಲಸ ಮುಖ್ಯವಾಗಿ ಕನ್ನಡದ ಮಾಹಿತಿ ಪತ್ರ ಮತ್ತು ಒಪ್ಪಿಗೆ ಪತ್ರ ಓದುವುದು. 2017ರ ಐಸಿಎಂಆರ್ ಮಾರ್ಗಸೂಚಿಯಲ್ಲಿ ಅದೇ ನಾಲ್ಕು ತತ್ವಗಳಿವೆ. ಅವುಗಳ ಬೆಲೆ ನಮಗೆ ಚೆನ್ನಾಗಿ ಗೊತ್ತು. 2009-10ರಲ್ಲಿ ಆಗಿನ ಆಂಧ್ರದ ಖಮ್ಮಂನಲ್ಲಿ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ (ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆ) ಅಧ್ಯಯನ ನಡೆದಾಗ ಎಷ್ಟೋ ಒಪ್ಪಿಗೆ ಪತ್ರಗಳಿಗೆ ಸಹಿ ಹಾಕಿದ್ದು ಹಾಸ್ಟೆಲ್ ವಾರ್ಡನ್‌ಗಳು. ಅಪ್ಪ ಅಮ್ಮನಿಗೆ ಗೊತ್ತೇ ಇರಲಿಲ್ಲ. ಅಂಥ ಕಡೆ ಸ್ವಂತ ನಿರ್ಧಾರದ ಹಕ್ಕು ಅನ್ನುವುದನ್ನು ಒಂದಿಂಚೂ ಬಿಟ್ಟುಕೊಡಬಾರದು.

ಆದರೆ ವಾರ್ಡಿನಲ್ಲಿ ಇನ್ನೊಂದೂ ಕಾಣುತ್ತದೆ. ಅರುವತ್ತು ದಾಟಿದ ಅಮ್ಮನ ಮುಂದೆ ಪತ್ರ ಹಿಡಿದರೆ ಆಕೆ ಮಗನ ಮುಖ ನೋಡುತ್ತಾರೆ. ಮಗ ‘ನೀವು ಹೇಳ್ದಂಗೆ ಡಾಕ್ಟ್ರೇ’ ಅನ್ನುತ್ತಾನೆ. ಇಲ್ಲಿ ನಿರ್ಧಾರ ಯಾರದು? ಅದನ್ನು ಆಕೆಯ ಅಜ್ಞಾನ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮನೆಯವರ ಜೊತೆ ಸೇರಿ ನಿರ್ಧರಿಸುವುದೂ ಒಂದು ನಿರ್ಧಾರವೇ. ಅದೇ ಹೊತ್ತಿಗೆ, ಆಕೆಗೆ ಬೇಡ ಅನ್ನಿಸಿದ್ದರೆ ಹೇಳುವ ಅವಕಾಶ ಸಿಕ್ಕಿತೇ ಅನ್ನುವುದೂ ಗೊತ್ತಾಗುವುದಿಲ್ಲ. ಪೆಲ್ಲೆಗ್ರಿನೊ ಹೇಳಿದ ನಂಬಿಕೆಯ ಮಾತು, ಬೋಶಾಂಪ್ ಮತ್ತು ಚಿಲ್ಡ್ರೆಸ್ ಹೇಳಿದ ಹಕ್ಕಿನ ಮಾತು ಎರಡೂ ಆ ಹಾಸಿಗೆಯ ಪಕ್ಕ ಒಟ್ಟಿಗೇ ಬೇಕು.

ಇದರ ಬಗ್ಗೆ ನಮ್ಮದೇ ಕೆಲಸ ಆಗಬೇಕು. ಕಲಬುರಗಿಯ ಕೂಲಿಯವರು, ಕೊಡಗಿನ ತೋಟದ ಕೆಲಸದವರು, ಬೀಡಿ ಕಟ್ಟುವ ಹೆಂಗಸರು ಒಪ್ಪಿಗೆ ಅಂದರೆ ಏನು ಅಂದುಕೊಳ್ಳುತ್ತಾರೆ ಅಂತ ಕೂತು ಕೇಳಿ ಬರೆಯಬೇಕು. ಕೋರ್ಟಿನ ತೀರ್ಪು, ಆಸ್ಪತ್ರೆಯ ಅನುಭವ, ಶರಣರು, ಸೂಫಿಗಳು, ಕ್ರೈಸ್ತ ಗುರುಗಳು ನೋವು ಸಾವಿನ ಬಗ್ಗೆ ಹೇಳಿದ್ದು ಎಲ್ಲವನ್ನೂ ಕನ್ನಡದಲ್ಲಿ ಒಂದು ಕಡೆ ಕೂಡಿಸಬೇಕು. ಹೊಸ ವಿಶ್ವವಿದ್ಯಾಲಯಗಳು ಕೇಂದ್ರ ತೆರೆಯುವಾಗ ಮೊದಲ ವರ್ಷದ ಹಣದಲ್ಲಿ ಒಂದು ಪಾಲು ಇದಕ್ಕೆ ಇಡಲಿ. ಮೊದಲ ನೇಮಕದಲ್ಲಿ ತಮ್ಮ ಧರ್ಮದವರಲ್ಲದ, ತಮ್ಮ ಮಾತು ಒಪ್ಪದ ಒಬ್ಬರನ್ನಾದರೂ ತೆಗೆದುಕೊಳ್ಳಲಿ. ಹೆಲ್ಲೆಗರ್ಸ್ ವಾಲ್ಟರ್ಸ್ ಅವರನ್ನು ತೆಗೆದುಕೊಂಡದ್ದು ಸಂಸ್ಥೆ ಹೆಸರು ಮಾಡಿದ ಮೇಲಲ್ಲ, ಶುರುವಿನಲ್ಲೇ.